ಚೇಲೆ ತೊಳೆದ ನೀರು

ಮದುವೆಯ ತಿಂಗಳು ಬಂತೆಂದರೆ ನನ್ನ ಕೈ
ಮೊಣಕೈವರೆಗೆ ಕೆಂಪು.
ಅಜ್ಜ ಕಟ್ಟಿ, ಅಪ್ಪ ಕಟ್ಟಿ, ಮಾಸಿದ ರೇಷ್ಮೆ ಚೇಲೆಗಳು
ಕುಶಾಲನಗರದ ಈ ಹಿತ್ತಲಿಗೆ ಬಂದು
ಮತ್ತೆ ಮದುಮಗನ ಸೊಂಟಕ್ಕೆ ಹೋಗುತ್ತವೆ.
ತೊಳೆದ ನೀರಿಗೆ ಮಾತ್ರ ಒಂದೇ ದಾರಿ:
ಚರಂಡಿ, ತೋಡು, ಆಮೇಲೆ ಹೊಳೆ.
ಹೊಳೆ ಅಂದರೆ ಯಾವ ಹೊಳೆ ಅಂತ
ಇಲ್ಲಿ ಯಾರೂ ಕೇಳುವುದಿಲ್ಲ.

ದೇಚಮ್ಮ ಬಂದಳು, ಚೀಲದಲ್ಲಿ
ಕಾಲೇಜಿನ ಆರು ಸೀಸೆ.
"ಮಮ್ಮೂಞಿ ಕಾಕಾ, ನಿಮ್ಮ ಕೊಳೆನೀರು ಬೇಕು.
ಕಾಸು ಕೊಡೋದಿಲ್ಲ."
ಬಿಸಾಡುವುದನ್ನು ಬೇಡಿ ಬಂದವಳು
ಮೂವತ್ತು ವರ್ಷದಲ್ಲಿ ಇವಳೊಬ್ಬಳೇ.

ಅವಳ ಕೆಲಸವನ್ನೂ ಒಂದು ದಿನ ನೋಡಿದೆ.
ಕ್ಯೂರಿಂಗ್ ವರ್ಕ್ಸಿನ ಹಿಂದೆ ಗುಡ್ಡೆ ಬಿದ್ದ
ಕಾಫಿ ಹೊಟ್ಟು (ಅದೂ ಒಂದು ಕಾಲಕ್ಕೆ
ಗಿಡದಲ್ಲಿ ಕೆಂಪಾಗಿ ಕೂತಿದ್ದೇ)
ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ
ಮುಚ್ಚಿದ ಮೂಸೆಯಲ್ಲಿ ಸುಟ್ಟಳು.
ಬೂದಿಯಾದರೆ ಕೆಟ್ಟಿತಂತೆ;
ಸುಟ್ಟೂ ಉಳಿಯುವುದೇ ಅದರ ವಿದ್ಯೆ.
ಆಮೇಲೆ ತೊಳೆದಳು, ತೊಳೆದಳು,
ಹುಳಿ ಬಿಡುವ ತನಕ ತೊಳೆದಳು.
ಆಗ ಗೊತ್ತಾಯಿತು, ಇವಳೂ ನಮ್ಮ ಕಸುಬಿನವಳೇ.

"ಇದರ ಮೈಯೆಲ್ಲ ತೂತು, ಕಾಕಾ.
ಒಂದು ಚಿಟಿಕೆಯ ಒಳಗೋಡೆಗಳನ್ನು ಬಿಚ್ಚಿ ಹಾಸಿದರೆ
ನಮ್ಮೂರ ಮಂದ್‌ನಷ್ಟು ಆಗುತ್ತೆ."
ಊರೇ ಕೋಲಾಟ ಆಡುವಷ್ಟು ಬಯಲು
ಉಗುರಿನ ತುದಿಯ ಮಸಿಯಲ್ಲಿ?
ನಂಬಲಿಲ್ಲ. ನಕ್ಕೆ.

ಅವಳು ಸೀಸೆ ಅಲ್ಲಾಡಿಸಿದಳು.
ಒಂದು ಗಂಟೆ; ಮಧ್ಯೆ ಚಹಾ ಬಂತು.
ಸೋಸುವ ಕಾಗದದ ಕೆಳಗೆ
ತೊಟ್ಟಿಕ್ಕಿತು ನೀರು,
ಬರೀ ನೀರು.
ಸುಳ್ಳು ಯಾಕೆ, ಸ್ವಲ್ಪ ಹೊಟ್ಟೆ ಉರಿಯಿತು:
ಎಷ್ಟು ಒಗೆದರೂ ಬಿಡದ ಬಣ್ಣ ಎಂದು
ಹೆಸರು ಮಾಡಿದವನು ನಾನು.

ಈಗ ಹಿತ್ತಲಲ್ಲಿ ನೀಲಿ ಡ್ರಮ್ಮು,
ಅಡಿಗೆ ಜಲ್ಲಿ, ಮೇಲೆ ಮರಳು, ನಡುವೆ ಅವಳ ಇದ್ದಿಲು.
ನಲ್ಲಿಯಲ್ಲಿ ಗುಲಾಬಿ ಇಣುಕಿತೆಂದರೆ
ಇದ್ದಿಲಿಗೆ ಹೊಟ್ಟೆ ತುಂಬಿತೆಂದು ಲೆಕ್ಕ.
ತೆಗೆದು, ಒಣಗಿಸಿ, ಗೋಣಿಗೆ ಕಟ್ಟುತ್ತೇನೆ.
ಮೂರು ಗೋಣಿಯಾಗಿದೆ, ಬಾಗಿಲ ಹಿಂದೆ.
ಮುಟ್ಟಿದರೆ ಕೈಗೆ ಕಪ್ಪೇ ಹತ್ತುತ್ತದೆ, ಕೆಂಪಲ್ಲ.

"ಇದನ್ನೇನು ಮಾಡೋದು, ದೇಚಮ್ಮ?"
ಫೋನಿನಲ್ಲಿ ಅವಳು ಸುಮ್ಮನಾದಳು.
"ಅದು ಮುಂದಿನ ಅಧ್ಯಾಯ ಕಾಕಾ," ಅಂದಳು,
"ಇನ್ನೂ ಬರೆದಿಲ್ಲ."

ಮೂರನೇ ಗೋಣಿಯ ಮೇಲೆ
ಪಕ್ಕದ ಮನೆಯ ಬೆಕ್ಕು ಬಂದು ಮಲಗಿದೆ,
ಅಷ್ಟೂ ಮದುವೆಗಳ ಮೇಲೆ.