ಪಾರ್ಟು ಬಂದಿಲ್ಲ

ಅವತ್ತು ಬೆಳಿಗ್ಗೆ ಏಳೂ ಮುಕ್ಕಾಲಿಗೆ
ವಿರಾಜಪೇಟೆಯ ಈ ಅಂಗಡಿಯಲ್ಲಿ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಒಂದು ಲೇಡೀಸ್ ವಾಚಿನ ಹೊಟ್ಟೆಯೊಳಗಿದ್ದೆ ನಾನು.

ದೂರದಲ್ಲೆಲ್ಲೋ ಸದ್ದು.
ಕೋವಿಯೇ ಅಂದುಕೊಂಡೆ. ನಮ್ಮ ಕಡೆ
ಒಂದು ಗುಂಡಾದರೆ ಗಂಡು ಮಗು, ಎರಡಾದರೆ ಸಾವು.
ಎರಡನೆಯದಕ್ಕೆ ಕಿವಿಗೊಟ್ಟೆ.
ಇದು ಎಣಿಕೆಗೆ ಸಿಗುವ ಸದ್ದಲ್ಲ,
ಕಾಲಡಿಯಿಂದ ಬಂದು ಕುರ್ಚಿ ಹತ್ತಿ
ಚಿಮುಟದ ತುದಿಯ ಸ್ಕ್ರೂವನ್ನು ಉದುರಿಸಿ ಹೋಯಿತು.

ಮೂರೇ ಸೆಕೆಂಡು. ಸೆಕೆಂಡಿನ ಲೆಕ್ಕ ನನಗೆ ತಪ್ಪದು.
ತಲೆಯೆತ್ತಿದರೆ ಗೋಡೆಯ ಮೇಲೆ
ಪೆಮ್ಮಯ್ಯನವರ ಅಜ್ಜನ ಲೋಲಕದ ಗಡಿಯಾರ,
ಆರು ವರ್ಷದ ಹಿಂದೆ ನಾನು ಸೋತು ತೂಗುಹಾಕಿದ್ದು,
ಟಿಕ್ ಅಂದಿತು. ಟಿಕ್ ಟಿಕ್ ಅಂದಿತು.
ನಾಲ್ಕು ನಿಮಿಷ ಓಡಿ ಸುಮ್ಮನಾಯಿತು.

ಕಟ್ಟಡದ ಯಜಮಾನರೂ ಅವರೇ. ಬಂದು ನೋಡಿ,
"ತೊಂಬತ್ತು ವರ್ಷದಿಂದ ನಿಂತಿದೆ ಮೊಯ್ದು,
ಇನ್ನೂ ನಿಲ್ಲುತ್ತದೆ" ಅಂದರು.
ನಿಂತದ್ದರ ಬಗ್ಗೆ
ಗಡಿಯಾರದವನಿಗೆ ಗೊತ್ತಿರುವುದನ್ನು ನಾನು ಹೇಳಲಿಲ್ಲ.
ಬಾಡಿಗೆ ಎರಡು ತಿಂಗಳು ಬಾಕಿಯಿತ್ತು.

ಅವರ ತಂಗಿಯ ಮಗಳು ಚೋಂದಮ್ಮ, ಇಂಜಿನಿಯರು,
ಪುಟ್ಟ ಸುತ್ತಿಗೆ ಹಿಡಿದು ಬಂದಳು.
ತಟ್ಟಿದಳು, ಕಿವಿಯಿಟ್ಟಳು, ಮತ್ತೆ ತಟ್ಟಿದಳು,
ಥೇಟು ನಾನು ವಾಚು ನೋಡುವ ಹಾಗೆ.
ಆರೋಗ್ಯಸ್ವಾಮಿ ಮೇಸ್ತ್ರಿ ಒಂದು ಕಲ್ಲು ಬಿಡಿಸಿದ.
ಟಾರ್ಚು ಹಾಕಿ ಬಗ್ಗಿದೆವು ಮೂವರೂ.
ಗೋಡೆ ಒಂದಲ್ಲ, ಎರಡು.
ಬೀದಿಗೊಂದು ಮೋರೆ, ಕೋಣೆಗೊಂದು ಮೋರೆ,
ನಡುವೆ ಮಣ್ಣು, ಕಲ್ಲಚೂರು, ಇಲಿಯ ಹಳೇ ಗೂಡು.
ಅಡ್ಡ ಹಾಯುವ ಕಟ್ಟುಗಲ್ಲು ಒಂದೂ ಇಲ್ಲ.
"ನೆಲ ಜೋರಾಗಿ ಕುಲುಕಿದರೆ
ಇದು ಇತ್ತ, ಅದು ಅತ್ತ" ಎಂದಳು
ಅಂಗೈ ಎರಡೂ ಜೋಡಿಸಿ, ಬಿಡಿಸಿ.

"ಕೆಡವಿಬಿಡಿ ಹಾಗಾದರೆ!" ಮೆಟ್ಟಿಲ ಮೇಲಿಂದ
ಟೈಪಿಂಗ್ ಶಾಲೆಯ ಸರೋಜಿನಿ ಟೀಚರು.
"ಕೆಡವೋದ್ಯಾಕೆ ಟೀಚರ್, ಹೊಲಿಯೋಣ."

ಹೊಲಿದರು. ಒಂದೂವರೆ ತಿಂಗಳು.
ಎರಡು ಮೊಳಕ್ಕೊಂದು ತೂತು, ತೂತಿಗೊಂದು ಕೊಕ್ಕೆಕಂಬಿ,
ಸುತ್ತ ಕಾಂಕ್ರೀಟು, ಹಾಸಿಗೆಗೆ ದಬ್ಬಣ ಹಾಕಿದಂತೆ
ಈ ಮೈಯಿಂದ ಆ ಮೈಗೆ.
ಮಹಡಿಯ ತೊಲೆಗಳು ಗೋಡೆಯ ಮೇಲೆ ಬರೀ ಕೂತಿದ್ದವಂತೆ,
ಬಸ್ಸಿಗೆ ಕಾಯುವವರ ಹಾಗೆ.
ಅವಕ್ಕೂ ಕಬ್ಬಿಣದ ಪಟ್ಟಿ, ಬೋಲ್ಟು.
ಮಾಡಿನ ಕೆಳಗೆ ನಾಲ್ಕೂ ಗೋಡೆ ಸುತ್ತಿ ಒಂದೇ ಬಿಗಿ.
ಅದೊಂದೇ ಪೆಮ್ಮಯ್ಯನವರಿಗೆ ತಕ್ಷಣ ತಿಳಿದದ್ದು:
"ಓ, ಕುಪ್ಯದ ಮೇಲೆ ಚೇಲೆ."

ಖರ್ಚಿನ ಮಾತು ಬೇರೆ.
ಅರ್ಧ ಅವರ ಮೆಣಸಿನ ದುಡ್ಡು, ಇನ್ನರ್ಧ
ನಮ್ಮ ಬಾಡಿಗೆಯ ಬೆನ್ನೇರಿತು.
ಮೂಲೆಯ ಚಪ್ಪಲಿ ಅಂಗಡಿ ಖಾಲಿಯಾಯಿತು.
ನಾನು ಪ್ಲಾಸ್ಟಿಕ್ ಹಾಳೆಯ ಡೇರೆಯೊಳಗೆ ಕೂತು
ಧೂಳಿನಲ್ಲೇ ಕೆಲಸ ಮಾಡಿದೆ. ಆ ದಿನಗಳಲ್ಲಿ
ನನ್ನಿಂದ ವಾಚು ಒಯ್ದವರೇ,
ನಿಮ್ಮ ಮಣಿಕಟ್ಟಿನ ಮೇಲೆ ಈ ಗೋಡೆಯದೊಂದು ಕಣ ಇದ್ದೀತು.
ನಿಧಾನ ಓಡಿದರೆ ತನ್ನಿ, ಕಾಸು ಕೇಳುವುದಿಲ್ಲ.

ಕೊನೆಗೆ ಗಡಿಯಾರ ಮತ್ತೆ ತೂಗುಹಾಕುವಾಗ
"ಕೂರುವಲ್ಲಿ ತಲೆ ಮೇಲೆ ಬೇಡ, ಓಡುವಲ್ಲಿ ಬಾಗಿಲ ಮೇಲೆ ಬೇಡ,
ಮೇಲೂ ಕೆಳಗೂ ತಂತಿ ಬಿಗಿಯಿರಿ" ಎಂದಳು ಚೋಂದಮ್ಮ.
ಬಿಗಿದೆ. ಪೆಟ್ಟಿಗೆ ಕದಲದು.
ಲೋಲಕವನ್ನು ಮಾತ್ರ ಹಾಗೇ ಬಿಟ್ಟೆ.

ಮಾಕುಟ್ಟದ ಕಡೆಯ ಲಾರಿ ಗುಡುಗಿ ಹೋದಾಗ
ಕೈಯ ಕೆಲಸ ನಿಲ್ಲಿಸಿ ಒಮ್ಮೆ ನೋಡುತ್ತೇನೆ.
ಇಲ್ಲ.

ಅದರ ರೋಗ ಈಗ ಗೊತ್ತು ನನಗೆ,
ಒಂದು ಹಲ್ಲು ಸವೆದ ಚಕ್ರ.
ಬದಲಿ ಚಕ್ರ ಡ್ರಾಯರಿನಲ್ಲೇ ಇದೆ,
ಬೀಡಿಯ ಕಾಗದದಲ್ಲಿ ಸುತ್ತಿಟ್ಟು.
ತಿಂಗಳಿಗೊಮ್ಮೆ ಪೆಮ್ಮಯ್ಯನವರು ಕೇಳುತ್ತಾರೆ.
ಪಾರ್ಟು ಬಂದಿಲ್ಲ ಎನ್ನುತ್ತೇನೆ.