ಗಾಳಿ ತೆಗೆದದ್ದು

ನಾಪೋಕ್ಲಿನ ಗೆಸ್ಟ್‌ಹೌಸು, ಮೂರನೇ ಬಚ್ಚಲು.
ಪಂಪು ಗುಂಯ್‌ಗುಡುತ್ತದೆ,
ಷವರು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ.

"ಪಂಪೇ ಹೋಯ್ತಾ ಮೊಯ್ದು?"
ಚೋಂದವ್ವನಿಗೆ ಹೊಸದರ ರೇಟಿನ ಚಿಂತೆ.
ಅವನು ಮಾತಾಡದೆ ಬಿಸಿನೀರಿನ ಪೈಪನ್ನು
ಅಂಗೈಯಲ್ಲಿ ಸವರುತ್ತ ಹೋದ:
ಬೆಚ್ಚಗೆ, ಬೆಚ್ಚಗೆ,
ಬಾಗಿಲ ಚೌಕಟ್ಟಿನ ಮೇಲೆ ಗೂನಾಗಿ ಎದ್ದಲ್ಲಿ
ತಣ್ಣಗೆ.

"ಇಲ್ಲಿ ಕೂತಿದೆ."
"ಏನದು?"
"ಗಾಳಿ."

ಪಂಪು ಆರಿಸಿ, ತಣ್ಣೀರ ನಲ್ಲಿಯಿಂದ ಬಿಸಿನೀರ ನಲ್ಲಿಗೆ
ಹಸಿರು ಹೋಸು ಬಿಗಿದ.
ಬಂದ ದಾರಿಯಲ್ಲೇ ಹಿಂದಕ್ಕೆ ದೂಡಬೇಕಂತೆ.
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಅಟ್ಟದಲ್ಲಿ,
ಟ್ಯಾಂಕಿನ ಮೇಲೆ ಕೊಕ್ಕೆಯಾಗಿ ಬಾಗಿದ ಪೈಪಿನಿಂದ
ಗುಳುಗುಳು, ಗುಳುಕ್:
ಪುತ್ತರಿ ಊಟ ಮುಗಿಸಿದ ಭಾವನ ತೇಗು.

ಹೋಸು ಬಿಚ್ಚಿ ಪಂಪು ಹಾಕಿದ.
ಷವರಿಗೆ ಕೈಯೊಡ್ಡಿದ ಚೋಂದವ್ವ
ಸರಕ್ಕನೆ ಹಿಂದೆಗೆದಳು. ಬಿಸಿ!

ಬಿಲ್ಲು ಬರೆಯಲು ಕೂತ ಮೊಯ್ದು ಪೆನ್ನು ಕಚ್ಚಿದ.
ಹೊಸ ಸಾಮಾನು ಒಂದೂ ಇಲ್ಲ.
"ಗಾಳಿ ತೆಗೆದದ್ದು, ಒಂದು"
ಅಂತ ಬರೆಯಲೇ?