ನೀರು ಬೇಡದ ಗಿಡ

ಬ್ಯೂಸುಮ್ ಬಂದರಿನ ಶೆಡ್ಡಿನಲ್ಲಿ ತಾಲ್ಕೆ
ಕಡಲಪಾಚಿಯನ್ನು ಹಸಿರು ಬಣ್ಣಕ್ಕೆ ಅದ್ದುತ್ತಾಳೆ.
ಪಾಚಿ ಅನ್ನುವುದು ಪೇಟೆಯವರು.
ನೀರಲ್ಲಿದ್ದಾಗ ಕಡ್ಡಿ ಕಡ್ಡಿಗೂ ಬಟ್ಟಲು,
ಬಟ್ಟಲಿಗೊಂದು ಬಾಯಿ, ಹೊಟ್ಟೆ ಮಾತ್ರ ಎಲ್ಲಕ್ಕೂ ಒಂದೇ:
ಒಬ್ಬ ನುಂಗಿದ್ದು ಕೇರಿಗೆಲ್ಲ ಊಟ.

ಮೊಮ್ಮೆ ದೋಣಿಯಿಂದ ಇಳಿಸಿದ್ದು
ತಟ್ಟಿಯ ಮೇಲೆ ಮೂರು ದಿನ ನಾರುತ್ತದೆ.
ಆಮೇಲೆ ಅದೂ ಇಲ್ಲ.

ಪೊಟ್ಟಣದ ಮೇಲೆ ಅಚ್ಚು:
ನೀರು ಬೇಡ, ಬಿಸಿಲು ಬೇಡ, ಬಾಡುವುದಿಲ್ಲ.
ಸುಳ್ಳಂತೂ ಅಲ್ಲ.

ಹ್ಯಾಂಬರ್ಗಿನಿಂದ ಮುದುಕಿಯೊಬ್ಬಳ ಕಾಗದ ಬಂದಿದೆ:
"ನಿಮ್ಮ ಗಿಡ ಮೊನ್ನೆ ಚಿಗುರಿತು.
ರಾತ್ರಿ ಕಿಟಕಿಯ ಕಡೆ ವಾಲುತ್ತದೆ. ಇನ್ನೇನು ಹಾಕಲಿ?"

ತಾಲ್ಕೆ ಎರಡು ಸಲ ಓದಿದಳು.
ಹಸಿರುಗಟ್ಟಿದ ಉಗುರುಗಳನ್ನು ಏಪ್ರನ್ನಿಗೆ ಉಜ್ಜಿ
ಉತ್ತರ ಬರೆಯಲು ಕೂತಳು; ಮೊದಲ ಹಾಳೆ ಹರಿದಳು.
ಎರಡನೆಯದರಲ್ಲಿ ಒಂದೇ ಸಾಲು:
ವಾರಕ್ಕೊಮ್ಮೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ.